ಕಣ್ಣು ಮುಚ್ಚಿ ಆಡುವ ಆಟ

ಎರ್ರಮ್ಮನ ಫೋನು ಬಂದಾಗ ದಯಾನಂದ್ ಕಂಪ್ಯೂಟರಿನ ಮುಂದೆ ಕೂತು ರೇಷ್ಮೆ ಸೀರೆಯ ಅಂಚಿಗೆ ಹಂಸದ ಸಾಲು ಕೂರಿಸುತ್ತಿದ್ದ. ಹಿಂದೂಪುರದ ಆ ಮನೆಯಲ್ಲಿ ಅವನ ಅಪ್ಪನ ಕಾಲಕ್ಕೆ ಮಗ್ಗವಿತ್ತು. ಅವನ ಕಾಲಕ್ಕೆ ಮಗ್ಗ ಹೋಗಿ, ಮಗ್ಗದವರಿಗೆ ಡಿಸೈನ್ ಹಾಕಿಕೊಡುವ ಕೆಲಸ ಉಳಿದಿತ್ತು.

"ದಯಾ, ನನ್ನ ಮಗ ನಿಮ್ಮನೇಗೇನಾದ್ರೂ ಬಂದವ್ನೇನಪ್ಪಾ?"

"ಇಲ್ವಲ್ಲಮ್ಮ. ಯಾಕೆ?"

"ಕೋಳಿ ಕೂಗೋ ಹೊತ್ಗೆ ಎದ್ದೋದೋನು ಇನ್ನೂ ಬಂದಿಲ್ಲ. ಅಂಗ್ಡಿ ಬೀಗ ತೆಗ್ದಿಲ್ಲ. ಫೋನು ಹಾಸ್ಗೆ ಮೇಲೇ ಬಿದ್ದೈತೆ. ಕುತ್ಗೇಲಿದ್ದ ಲಿಂಗ ಬಿಚ್ಚಿ ದೇವ್ರ ಗೂಡಲ್ಲಿ ಇಟ್ಟೋಗವ್ನೆ ಕಣಪ್ಪಾ."

ದಯಾನಂದನ ಕೈ ಮೌಸಿನ ಮೇಲೆಯೇ ನಿಂತುಬಿಟ್ಟಿತು. ಅವನು ನೇಕಾರರ ಮನೆಯವನು, ಲಿಂಗ ಕಟ್ಟುವವನಲ್ಲ. ಆದರೆ ಅವಳ ಮಗ ಶರಣಬಸವನ ಜೊತೆ ಬೆಳೆದವನಿಗೆ ಅಷ್ಟು ತಿಳಿಯದೆ ಇರುತ್ತದೆಯೇ? ಅವರಲ್ಲಿ ಕೂಸಿಗೆ ಕಟ್ಟಿದ ಲಿಂಗ ಮಣ್ಣಿಗಿಳಿಸುವ ದಿನವೂ ಅಂಗೈಯಲ್ಲೇ ಇರುತ್ತದೆ. ಅದನ್ನು ತಾನಾಗಿ ಬಿಚ್ಚಿಟ್ಟು ಬಾಗಿಲು ದಾಟಿದ ಎಂದರೆ ತಾಯಿಯಾದವಳು ಏನೆಂದುಕೊಳ್ಳಬೇಕೋ ಅದನ್ನೇ ಎರ್ರಮ್ಮ ಅಂದುಕೊಂಡಿದ್ದಳು. ದಯಾನಂದನೂ ಅದನ್ನೇ ಅಂದುಕೊಂಡ. ಅವನಿಗಂತೂ ಹಾಗೆ ಅಂದುಕೊಳ್ಳಲು ಇನ್ನೊಂದು ಕಾರಣವೂ ಗೊತ್ತಿತ್ತು.

ಶರಣಬಸವನ ಕಣ್ಣು ಹೋಗುತ್ತಿತ್ತು. ಮಳೆಗಾಲಕ್ಕೆ ಮುಂಚೆ ಅವನನ್ನು ದೊಡ್ಡ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದವನೇ ದಯಾನಂದ್. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ನೋಟ ಅಂಚಿನಿಂದ ಒಳಕ್ಕೆ ಕಿರಿದಾಗುತ್ತಾ ಬರುತ್ತದೆ, ಕತ್ತಲಾದರೆ ಈಗಲೇ ಏನೂ ಕಾಣುವುದಿಲ್ಲ, ಮುಂದೆ ಹಗಲೂ ಹಾಗೇ ಆಗುತ್ತದೆ, ಇದಕ್ಕೆ ಮದ್ದಿಲ್ಲ ಎಂದರು. ಹೊರಗೆ ಬಂದು ಕಾಫಿ ಕುಡಿಯುವಾಗ ಶರಣಬಸವ ಹೇಳಿದ್ದು ಒಂದೇ ಮಾತು: "ಮನೇಲಿ ಡ್ರಾಪ್ಸ್ ಹಾಕ್ಕೊಂಡ್ರೆ ವಾಸಿಯಾಯ್ತದೆ ಅಂತ ಹೇಳೀನಿ. ನೀನೂ ಹಂಗೇ ಹೇಳು."

ದಯಾನಂದ್ ಹಂಗೇ ಹೇಳಿದ್ದ.

ಕಲ್ಯಾಣದುರ್ಗದಲ್ಲಿ ಶರಣಬಸವನದು ಕಡಲೆಕಾಯಿ ಎಣ್ಣೆಯ ಅಂಗಡಿ. ಈಚೆಗೆ ಊರವರು ಅವನಿಗೆ ಸೊಕ್ಕು ಬಂದಿದೆ ಎಂದು ಆಡಿಕೊಳ್ಳುತ್ತಿದ್ದರು. ಪಕ್ಕದಲ್ಲಿ ನಿಂತು ನಮಸ್ಕಾರ ಹಾಕಿದರೂ ತಿರುಗಿ ನೋಡುವುದಿಲ್ಲ, ಕಂಡರೂ ಕಾಣದಂತೆ ಹೋಗುತ್ತಾನೆ ಎಂದು. ಕಾಣದೆಯೇ ಹೋಗುತ್ತಿದ್ದಾನೆ ಎಂಬುದು ಯಾರಿಗೂ ಹೊಳೆದಿರಲಿಲ್ಲ.

ದಯಾನಂದ್ ಸಿಕ್ಕಿದ ಬಸ್ಸು ಹತ್ತಿದ. ಸೋಮಂದೇಪಲ್ಲಿ ದಾಟಿತು, ಪೆನುಕೊಂಡದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದ. ಕಿಟಕಿಯಾಚೆ ಹೊಲಗಳು ಓಡುತ್ತಿದ್ದವು. ಎದುರಿನಿಂದ ಬಸ್ಸುಗಳು ಭರ್ರೆಂದು ಬಂದು ಹೋಗುತ್ತಿದ್ದವು. ಕೂತವನಿಗೆ ಮಾಡಲು ಕೆಲಸವಿಲ್ಲದಿದ್ದರೆ ಮನಸ್ಸು ಸುಮ್ಮನಿರುತ್ತದೆಯೇ? ಸೀದಾ ಹಳೆಯ ಹಿಂದೂಪುರಕ್ಕೆ ಹೋಯಿತು.

ಶರಣಬಸವ ಆಗ ಅಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಓದುತ್ತಿದ್ದ. ಮಿಲ್ಟ್ರಿ ಹೋಟೆಲಿನ ಹಿಂದೆ ಒಂದು ಕತ್ತಲೆ ಕೋಣೆ, ಅದರಲ್ಲಿ ಎರಡು ಟಿವಿ, ಟಿವಿಗೆ ಸಿಕ್ಕಿಸಿದ ವಿಡಿಯೊ ಗೇಮಿನ ಡಬ್ಬಿ. ಗಂಟೆಗಿಷ್ಟು ಎಂದು ಕೊಟ್ಟು ಇಬ್ಬರೂ ಆಡುತ್ತಿದ್ದರು. ಮುಗಿಸಿ ಬರುವಾಗ ದಾರಿಯುದ್ದಕ್ಕೂ ಭವಿಷ್ಯ ಹೇಳುವುದೇ ಕೆಲಸ.

"ನೋಡ್ತಿರು, ನಾವು ದೊಡ್ಡೋರಾಗೋ ಹೊತ್ಗೆ ಟಿವಿ ಬೀದಿಯಷ್ಟಗ್ಲ ಆಯ್ತದೆ. ಆ ತುದೀಲಿ ರಾಕ್ಷಸ, ಈ ತುದೀಲಿ ನಾವು," ಎನ್ನುತ್ತಿದ್ದ ದಯಾನಂದ್.

"ಥೂ, ಟಿವಿನೇ ಇರಲ್ಲ ಕಣ್ಲಾ. ಕಿವಿ ಹಿಂದ್ಗಡೆ ಒಂದು ವೈರು ಸಿಗಿಸ್ತಾರೆ. ಆಟ ಸೀದಾ ತಲೆ ಒಳಕ್ಕೆ ಬತ್ತದೆ. ಕಣ್ಣು ಮುಚ್ಕೊಂಡೇ ಆಡ್ಬೋದು."

"ಕಣ್ಣು ಮುಚ್ಕೊಂಡ್ರೆ ನಿದ್ದೆ ಬತ್ತದೆ, ಪೆದ್ದ."

"ನಿದ್ದೇಲೂ ಆಡ್ಬೋದು!"

ಹನ್ನೆರಡರ ಹುಡುಗ ಆಡಿದ ಮಾತು. ಆಸ್ಪತ್ರೆಯಿಂದ ಬಂದ ಮೇಲೆ ಶರಣಬಸವ ಆ ಮಾತನ್ನೇ ಮತ್ತೆ ಮತ್ತೆ ಎತ್ತುತ್ತಿದ್ದ. "ಅಂಥದ್ದೇನಾದ್ರೂ ಬಂದೈತೇನೋ? ನೀನು ಕಂಪ್ಯೂಟ್ರೋನು, ನಿಂಗೆ ಗೊತ್ತಿರ್ತದೆ." ದಯಾನಂದ್ ನಕ್ಕು ತೇಲಿಸಿಬಿಡುತ್ತಿದ್ದ. ಮುಳುಗುವವನು ಹುಲ್ಲುಕಡ್ಡಿಗೆ ಕೈಚಾಚುವಾಗ ದಡದಲ್ಲಿದ್ದವನಿಗೆ ಅದು ತಮಾಷೆಯಂತೆಯೇ ಕಾಣುತ್ತದೆ.

ಕಲ್ಯಾಣದುರ್ಗದಲ್ಲಿ ಇಳಿದಾಗ ಬಿಸಿಲು ನೆತ್ತಿಯ ಮೇಲಿತ್ತು. ಶರಣಬಸವನ ಹೆಂಡತಿ ಪುಷ್ಪಲತಾ ಬೀದಿ ಬಾಗಿಲಲ್ಲೇ ನಿಂತಿದ್ದಳು. ಅಕ್ಕಪಕ್ಕದವರು ಕೆರೆಯ ಕಡೆ ಹೋಗಿ ಬಂದಿದ್ದರು. ದಯಾನಂದ್ ಅವರ ಜೊತೆ ಊರಾಚೆಯ ತೋಟಗಳಿಗೆ ಹೋಗಿ ಒಂದೊಂದೇ ಬಾವಿಯನ್ನು ಇಣುಕಿದ. ನೀರು ಅಲುಗದೆ ಇರುವುದನ್ನು ಕಂಡು ಉಸಿರು ಬಿಡುವುದು, ಮುಂದಿನ ಬಾವಿಗೆ ನಡೆಯುವುದು. ವೈರಿಗೂ ಬೇಡ ಆ ಕೆಲಸ.

ವಾಪಸು ಬಂದಾಗ ಪುಷ್ಪಲತಾ ಅಡ್ಡ ನಿಂತಳು.

"ನಿಮ್ಗೇನೋ ಗೊತ್ತೈತೆ, ದಯಣ್ಣ. ಮುಖ ನೋಡಿದ್ರೇ ತಿಳೀತದೆ. ಹೇಳ್ಬುಡಿ."

ಅವನು ಹೇಳಿದ. ಡ್ರಾಪ್ಸಿನ ಸುಳ್ಳನ್ನೂ ಹೇಳಿದ. ಪುಷ್ಪಲತಾ ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ.

"ಕುರುಡಾಗೋ ಗಂಡನ್ನ ಕೈಹಿಡ್ದು ನಡ್ಸಕ್ಕೆ ನಂಗೆ ಬರಲ್ಲ ಅಂದ್ಕೊಂಡ್ರಾ ಇಬ್ರೂ? ಆ ಡ್ರಾಪ್ಸ್‌ನ ದಿನಾ ರಾತ್ರಿ ನಾನೇ ಹಾಕ್ತಿದ್ನಲ್ಲಣ್ಣ. ಬರೀ ನೀರಾ ಅದು?"

ಕತ್ತಲಾಗುವ ಮುಂಚೆ ಸಿಗದಿದ್ದರೆ ಸಿಗುವುದು ಏನು ಎಂಬುದು ಈಗ ಅವರಿಬ್ಬರಿಗೂ, ಬಾಗಿಲಲ್ಲಿ ಕೇಳಿಸಿಕೊಳ್ಳುತ್ತಿದ್ದ ಎರ್ರಮ್ಮನಿಗೂ ಗೊತ್ತಿತ್ತು. ಸಾಯುವ ಮನಸ್ಸಿಲ್ಲದಿದ್ದರೂ ಸರಿ, ದೀಪ ಹಚ್ಚುವ ಹೊತ್ತಿನಲ್ಲಿ ಅವನಿಗೆ ರಸ್ತೆಯೂ ಒಂದೇ, ಬಾವಿಯೂ ಒಂದೇ.

"ಬಾ ಇಲ್ಲಿ, ನೋಡು," ಎಂದು ಎರ್ರಮ್ಮ ಅವನ ತೋಳು ಹಿಡಿದು ಒಳಗೆ ಎಳೆದುಕೊಂಡು ಹೋದಳು. "ಹೆಂಗಿಟ್ಟವ್ನೆ ನೋಡು. ನಾನು ಮುಟ್ಟಿಲ್ಲ."

ದೇವರ ಗೂಡಿನಲ್ಲಿ ಮಡಿಬಟ್ಟೆಯನ್ನು ಸಿಂಬಿಯಂತೆ ಸುತ್ತಿ, ಅದರ ಮೇಲೆ ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಕೂರಿಸಿದ್ದ. ಶಿವದಾರ ಸುತ್ತಲೂ ಸಿಕ್ಕಿಲ್ಲದೆ ಸುತ್ತಿತ್ತು. ಮೇಲೊಂದು ಕಣಗಿಲೆ ಹೂವು.

ದಯಾನಂದ್ ನೋಡುತ್ತಾ ನಿಂತ. ಆ ಸಿಂಬಿಯನ್ನು ಅವನು ಬಲ್ಲ. ಇದನ್ನು ಅವನು ತನ್ನ ಮನೆಯ ಗೂಡಿನಲ್ಲೇ ಎಷ್ಟೋ ಸಲ ನೋಡಿದ್ದಾನೆ. ಗೇಮಿನ ಕೋಣೆಗೆ ಮಿಲ್ಟ್ರಿ ಹೋಟೆಲಿನ ಒಲೆಯ ಪಕ್ಕದಲ್ಲೇ ಹಾದು ಹೋಗಬೇಕಿತ್ತು. ಮಾಂಸ ಬೇಯುವ ಕಡೆ ಲಿಂಗ ಕಟ್ಟಿಕೊಂಡು ಹೋಗುವುದೆಂದರೆ ಶರಣಬಸವನಿಗೆ ಜೀವ ಬಾಯಿಗೆ ಬರುತ್ತಿತ್ತು. ಮಾವನ ಮನೆಯಲ್ಲಿ ಬಿಚ್ಚಿದರೆ ಬೆನ್ನು ಹಣ್ಣಾಗುತ್ತಿತ್ತು. ಅದಕ್ಕೆ ದಯಾನಂದನ ಅಮ್ಮ ಗಂಗಾದೇವಿಯೇ, "ನಮ್ಮ ಗೂಡಲ್ಲಿ ನಿಮ್ಮ ಸ್ವಾಮಿ ಒಂದು ಗಂಟೆ ಕೂತಿರ್ಲಿ ಬಿಡಪ್ಪಾ, ನಮ್ಮೋರೇನು ಜಗಳಕ್ಕೆ ಬರಲ್ಲ," ಎಂದು ಜಾಗ ಮಾಡಿಕೊಟ್ಟಿದ್ದಳು. ಹುಡುಗ ಹೀಗೇ ಸಿಂಬಿ ಸುತ್ತಿ, ಹೀಗೇ ಹೂವಿಟ್ಟು ಹೋಗುತ್ತಿದ್ದ.

ಹೋದ ಭಾನುವಾರ ಫೋನಿನಲ್ಲಿ ತಾನೇ ಹೇಳಿದ್ದು ದಯಾನಂದನಿಗೆ ಆಗ ನೆನಪಾಯಿತು. "ನಮ್ಮ ಮಿಲ್ಟ್ರಿ ಹೋಟ್ಲು ಮಹಡಿ ಮೇಲೆ ಹೊಸ ಗೇಮ್ ಅಂಗ್ಡಿ ಬಂದೈತೆ ಕಣೋ. ಕಣ್ಣಿಗೆ ಒಂದು ಪೆಟ್ಗೆ ಕಟ್ತಾರಂತೆ. ಎದುರ್ಗೆ ಟಿವಿನೇ ಇರಲ್ಲ."

"ಟಿವಿನೇ ಇಲ್ವಾ?" ಎಂದು ಕೇಳಿದ್ದ ಶರಣಬಸವ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಇಲ್ವೇ ಇಲ್ವಾ?"

ದಯಾನಂದ್ ಹಿಂದೂಪುರದಲ್ಲಿದ್ದ ಹೆಂಡತಿ ರಮ್ಯಾಗೆ ಫೋನು ಮಾಡಿದ. "ಮಿಲ್ಟ್ರಿ ಹೋಟ್ಲು ಮಹಡಿ ಮೇಲೆ ಶರಣ ಅವ್ನಾ ನೋಡು. ಇದ್ದಂಗೇ ಹೊರಡು. ಏನೂ ಕೇಳ್ಬೇಡ, ಓಡು."

ರಮ್ಯಾಳ ಫೋನು ತಿರುಗಿ ಬರುವವರೆಗೆ ಮೂವರೂ ಗೂಡಿನ ಮುಂದೆಯೇ ನಿಂತಿದ್ದರು.

"ಅವ್ರೆ ರೀ. ಇಲ್ಲೇ ಅವ್ರೆ." ಎಂದಳು ರಮ್ಯಾ. "ಆದ್ರೆ ಪೆಟ್ಗೆ ತೆಗೀತಿಲ್ಲ. ಕರೆದ್ರೆ ಮಾತಾಡ್ತಿಲ್ಲ. ಬೆಳಿಗ್ಗೆಯಿಂದ ಹಿಂಗೇ ಕುಂತವ್ರಂತೆ. ಅಂಗ್ಡಿ ಆನಂದಕುಮಾರ್ ಹೆದ್ರಿಕೊಂಬಿಟ್ಟವ್ನೆ. ಬೇಗ ಬನ್ನಿ, ನಂಗೂ ಯಾಕೋ ಭಯ ಆಯ್ತೈತೆ."

ಬಾಡಿಗೆ ಕಾರು ಬಂತು. ಎರ್ರಮ್ಮ ಕೈಕಾಲು ತೊಳೆದು ಕರಡಿಗೆಯನ್ನು ಮಡಿಬಟ್ಟೆಯಲ್ಲಿ ಸುತ್ತಿ ಸೊಸೆಯ ಕೈಗಿಟ್ಟಳು. "ಮೊದ್ಲು ಇದನ್ನ ಕಟ್ಸು. ಬೈಯೋದೆಲ್ಲ ಆಮ್ಯಾಕೆ."

ದಾರಿಯಲ್ಲಿ ಪುಷ್ಪಲತಾ ಬಟ್ಟೆಯ ಗಂಟನ್ನು ಎದೆಗವಚಿಕೊಂಡೇ ಕೂತಿದ್ದಳು. ಬೆಳಿಗ್ಗೆ ಎದುರಿನಿಂದ ಬಂದು ಹೋದ ಬಸ್ಸುಗಳಲ್ಲಿ ಯಾವುದೋ ಒಂದರಲ್ಲಿ ಅವನಿದ್ದ ಎಂಬುದು ದಯಾನಂದನಿಗೆ ಆಗ ಹೊಳೆಯಿತು. ಇವನು ಅವನನ್ನು ಹುಡುಕಲು ಆ ಕಡೆ, ಅವನು ಕಣ್ಣು ಹುಡುಕಲು ಈ ಕಡೆ.

ಹೋಟೆಲಿನ ಮುಂದೆ ಕಾರು ನಿಂತಾಗ ಬಿರಿಯಾನಿಯ ಘಮ ಬೀದಿಗೇ ಹೊಡೆಯುತ್ತಿತ್ತು. ಮಹಡಿ ಮೆಟ್ಟಿಲು ಅಡುಗೆಮನೆಯ ಪಕ್ಕದಲ್ಲೇ ಹೋಗುತ್ತಿತ್ತು. ಪುಷ್ಪಲತಾ ಎದುರಿನ ಬೇವಿನ ಮರದ ಕೆಳಗೆ ನಿಂತುಬಿಟ್ಟಳು. ಕೈಯಲ್ಲಿ ಲಿಂಗ ಹಿಡಿದು ಆ ಮೆಟ್ಟಿಲು ಹತ್ತುವಂತಿರಲಿಲ್ಲ. "ನೀವೇ ಹೋಗಿ, ಅಣ್ಣ. ಬಲವಂತ ಮಾಡ್ಬ್ಯಾಡಿ. ನಾನು ಇಲ್ಲಿದೀನಿ ಅನ್ನಿ."

ಮೇಲೆ ಆನಂದಕುಮಾರ್ ಬಾಗಿಲಲ್ಲೇ ಸಿಕ್ಕಿದ. "ಸಾರ್, ಏಮಿ ಸಾರ್ ಇದು! ನೀರು ಕೊಟ್ಟೆ, ಬ್ಯಾಡ ಅಂದ್ರು. ಸೋಡಾ ತರಿಸ್ದೆ, ಬ್ಯಾಡ ಅಂದ್ರು. ಆಟನೂ ಆಡ್ತಿಲ್ಲ. ಏನಾದ್ರೂ ಆದ್ರೆ ನನ್ನ ಮೇಲೆ ಬತ್ತದೆ ಸಾರ್."

ರಮ್ಯಾ ಗೋಡೆಗೊರಗಿ ನಿಂತಿದ್ದಳು. ಕುರ್ಚಿಯ ಮೇಲೆ ಶರಣಬಸವ ಕಣ್ಣಿಗೆ ಆ ಕಪ್ಪು ಪೆಟ್ಟಿಗೆ ಕಟ್ಟಿಕೊಂಡು, ಎರಡೂ ಕೈ ತೊಡೆಯ ಮೇಲಿಟ್ಟು, ದೇವರ ಮುಂದೆ ಕೂತವನಂತೆ ಕೂತಿದ್ದ. ತುಟಿ ಬಿರಿದು ಬೆಳ್ಳಗಾಗಿತ್ತು. ದಯಾನಂದ್ ಅವನ ಎದುರಿಗೆ ನೆಲದ ಮೇಲೆ ಕೂತ.

"ಶರಣಾ. ನಾನು ಕಣೋ."

"ಗೊತ್ತಾಯ್ತು. ಮೆಟ್ಲು ಹತ್ತೋದ್ರಲ್ಲೇ ಗೊತ್ತಾಯ್ತು. ಇನ್ನೂ ಆನೆ ಹತ್ತಿದಂಗೇ ಹತ್ತೀಯ."

"ಏನ್ ಕಾಣ್ತೈತೆ?"

"ದೊಡ್ಡ ಬೆಟ್ಟ ಐತಂತೆ. ಪಕ್ಷಿ ಹಾರ್ತವಂತೆ. ಆ ಹುಡ್ಗ ಹೇಳ್ದ." ಅವನ ಗಂಟಲು ಒಣಗಿ ಮಾತು ಕೀರಲಾಯಿತು. "ನಂಗೆ ಒಂದು ಕಾಸಿನಗಲ ಮಬ್ಬು. ಇದೂ ಕಣ್ಣಲ್ಲೇ ನೋಡ್ಬೇಕಲ್ಲೋ ದಯಾ. ಪೆಟ್ಗೆ ಒಳ್ಗೇ ಇನ್ನೊಂದು ಟಿವಿ ಇಕ್ಕವ್ರೆ, ಅಷ್ಟೆ. ತಲೆ ಒಳಕ್ಕೆ ಏನೂ ಬರಲಿಲ್ಲ."

"ನಾವು ಹೇಳಿದ್ದು ಯಾವ್ದು ತಾನೇ ನಿಜ ಆಯ್ತೋ? ಎರಡು ಸಾವಿರ್ನೇ ಇಸ್ವಿಗೆ ಇಸ್ಕೂಲೇ ಇರಲ್ಲ ಅಂದಿದ್ದೆ ನೀನು. ಈಗ ನನ್ನ ಬಾಳು ಮುಗೀತು ಅಂತ ಭವಿಷ್ಯ ಹೇಳ್ತಿದೀಯಲ್ಲ, ಅದೂ ಸುಳ್ಳೇ ಆಗ್ಲಿ ಬಿಡು."

"ಅದು ನಾನು ಹೇಳಿದ್ದು. ಇದು ಡಾಕ್ಟ್ರು ಹೇಳಿದ್ದು."

ದಯಾನಂದ್ ಕಾರಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತು ಒಂದೇ ಏಟಿಗೆ ಬಿದ್ದುಹೋಯಿತು. ಕೆಳಗೆ ಅಡುಗೆಮನೆಯಲ್ಲಿ ಯಾರೋ ಸೌಟು ಬಡಿದರು.

"ಪೆಟ್ಗೆ ತೆಗ್ದು ಎಲ್ಲಿಗೆ ಹೋಗ್ಬೇಕು ಅಂತಿದ್ದೆ?" ಎಂದು ಕೊನೆಗೆ ಕೇಳಿದ.

"ಇದ್ರಲ್ಲಿ ಕಂಡ್ರೆ ಮನೆಗೆ. ಕಾಣ್ದಿದ್ರೆ..." ಶರಣಬಸವ ಪೆಟ್ಟಿಗೆಯ ಪಟ್ಟಿಯನ್ನು ಮುಟ್ಟಿ ನೋಡಿಕೊಂಡ. "ತೆಗೆದ್ರೆ ತಾನೇ ಅದು ತೀರ್ಮಾನ ಆಗೋದು. ಅದ್ಕೇ ತೆಗೀಲಿಲ್ಲ."

"ನೀರು ಯಾಕೆ ಕುಡೀಲಿಲ್ಲ?"

"ಕುತ್ಗೇಲಿ ಲಿಂಗ ಇಲ್ದೆ ನೀರು ಮುಟ್ತಾರೇನೋ? ಏನ್ ಕೇಳ್ತೀಯ ನೀನು."

"ಸಾಯಕ್ಕೆ ಹೋಗೋನ್ಗೆ ಯಾವ ನೇಮನೋ?"

ಶರಣಬಸವನ ನಾಲಗೆ ಹೊರಬಂದು ತುಟಿಯನ್ನು ಸವರಿ ಒಳಗೆ ಹೋಯಿತು. ಬೆಳಗಿನಿಂದ ತನಗೆ ಬಾಯಾರಿದೆ ಎಂಬುದು ಅವನಿಗೆ ಆಗಲೇ ತಿಳಿದಂತಿತ್ತು.

"ಅತ್ತಿಗೆ ಕೆಳಗೆ ನಿಂತವ್ರೆ," ಎಂದ ದಯಾನಂದ್. "ಸ್ವಾಮೀನ ತಂದವ್ರೆ. ಇಲ್ಲಿಗೆ ಹತ್ತಾಂಗಿಲ್ಲ, ನಿಂಗೇ ಗೊತ್ತು. ಡ್ರಾಪ್ಸ್ ವಿಷ್ಯಾನೂ ಗೊತ್ತಾಗೈತೆ. ಬೈಯಕ್ಕೇ ಅಲ್ಲಿಂದ ಬಂದವ್ರೆ."

"ಅವಳೂ ಏನೂ ತಿಂದಿರಲ್ಲ."

"ಇಲ್ಲ."

ಶರಣಬಸವ ಎರಡೂ ಕೈ ಎತ್ತಿ ಪೆಟ್ಟಿಗೆಯನ್ನು ತಾನೇ ಬಿಚ್ಚಿದ. ಕಣ್ಣಿನ ಸುತ್ತ ಕೆಂಪಗೆ ಅಚ್ಚು ಬಿದ್ದಿತ್ತು. ಅದನ್ನು ಆನಂದಕುಮಾರನ ಕಡೆಗೆ ಚಾಚಿದ. ಚಾಚಿದ್ದು ಬರೀ ಗೋಡೆಯ ಕಡೆಗೆ. ರಮ್ಯಾ ಸದ್ದಿಲ್ಲದೆ ಬಂದು ತೆಗೆದುಕೊಂಡಳು.

ಮೆಟ್ಟಿಲಲ್ಲಿ ದಯಾನಂದ್ ಮುಂದೆ, ಅವನು ಹಿಂದೆ. ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಗೆಳೆಯನ ಹೆಗಲ ಮೇಲೆ. ಆ ಕೈಯ ಭಾರದಿಂದಲೇ ದಯಾನಂದನಿಗೆ ತಿಳಿಯಿತು, ಕಣ್ಣು ತಾನು ಅಂದುಕೊಂಡಿದ್ದಕ್ಕಿಂತ ಬಹಳ ಹೆಚ್ಚೇ ಹೋಗಿಬಿಟ್ಟಿದೆ ಎಂದು. ಬೆಳಿಗ್ಗೆ ಇವನು ಇಲ್ಲಿಯವರೆಗೆ ಹೇಗೆ ಬಂದನೋ ಶಿವನಿಗೇ ಗೊತ್ತು.

ಬೀದಿಯಲ್ಲಿ ಬೇವಿನ ಮರದ ಎಲೆಗಳ ಮೇಲೆ ಇಳಿಬಿಸಿಲು ಇನ್ನೂ ಹಳದಿಯಾಗಿ ಉರಿಯುತ್ತಿತ್ತು. ಶರಣಬಸವ ಕೊನೆಯ ಮೆಟ್ಟಿಲಲ್ಲಿ ನಿಂತು ಮುಖ ಎತ್ತಿದ.

"ಕತ್ಲಾಗೋಯ್ತಾ?"

ಪುಷ್ಪಲತಾ ಮರದ ಕೆಳಗಿನಿಂದಲೇ ಹೇಳಿದಳು:

"ಇಲ್ಲ. ಬಿಸ್ಲು ಐತೆ. ಮೂರು ಹೆಜ್ಜೆ ಸೀದಾ ಬನ್ನಿ, ಆಮೇಲೆ ಚರಂಡಿ ಐತೆ, ಕಾಲೆತ್ತಿಡಿ."

ಅವನು ದಯಾನಂದನ ಹೆಗಲನ್ನು ಬಿಟ್ಟ. ಆ ದನಿಯ ಕಡೆಗೆ ಕಾಲು ಇಟ್ಟ.