ನಾಲ್ಕು ದನಿಯ ಹಾಡುಗಳು

ಕೆನಡಾದ ಮಿರಮಿಶಿ ನದಿಯ ದಂಡೆಯ ಚರ್ಚಿನಲ್ಲಿ ಆರ್ಡಿತ್ ಮಲ್ಲಿನ್ ಹಾಡುವ ತಂಡವನ್ನು ನಡೆಸತೊಡಗಿ ಒಂದು ತಲೆಮಾರೇ ಕಳೆದಿತ್ತು. ಅವಳು ನಾಲ್ಕು ದನಿಗೆ ಹೊಂದಿಸಿದ ಹಾಡುಗಳ ಸ್ವರಲಿಪಿಯೆಲ್ಲ ದುಡ್ಡು ಕೊಟ್ಟು ಕೊಂಡ ಒಂದು ಸಾಫ್ಟ್‌ವೇರಿನಲ್ಲಿತ್ತು. ಆ ಚಳಿಗಾಲ ಕಂಪ್ಯೂಟರು ಕೈಕೊಟ್ಟಿತು. ಹೊಸದರಲ್ಲಿ ಹಳೆಯ ಸಾಫ್ಟ್‌ವೇರು ತೆರೆಯಲೇ ಇಲ್ಲ. ಅದನ್ನು ಕೈಬಿಟ್ಟಿದ್ದೇವೆ, ಇನ್ನು ಹೊಸ ಆವೃತ್ತಿಗೆ ತಿಂಗಳು ತಿಂಗಳೂ ಬಾಡಿಗೆ ಕಟ್ಟಿ ಎಂದಿತು ಕಂಪನಿ.

"ನಾನು ಬರೆದಿದ್ದಕ್ಕೆ ನಾನೇ ಬಾಡಿಗೆ ಕಟ್ಟಬೇಕಂತೆ," ಎಂದಳು ಆರ್ಡಿತ್.

"ಕಟ್ಟಬೇಡ ಮಾರಾಯ್ತಿ. ಪುಕ್ಕಟೆ ಸಿಗೋದು ಒಂದಿದೆ. ಎಲ್ಲೆಲ್ಲಿಯವರೋ ಸೇರಿ ಮಾಡಿದ್ದು, ಯಾರೂ ಕಿತ್ಕೊಳ್ಳಲ್ಲ," ಎಂದ ಸಿರಿಲ್. ಅಂಚೆ ಹಂಚಿ ನಿವೃತ್ತನಾದ ಆತ ತಂಡದ ಮಂದ್ರದ ದನಿ.

ಆ ಹೊಸ ಆವೃತ್ತಿಯನ್ನು ಪರೀಕ್ಷಿಸಿ ನೋಡಲೆಂದು ಕಂಪನಿ ಪುಕ್ಕಟೆ ಕೊಟ್ಟ ಅವಧಿ ಮುಗಿಯುವ ಮುಂಚೆ ಇಬ್ಬರೂ ಕೂತು ಹಾಡುಗಳನ್ನೆಲ್ಲ ಹೊರತೆಗೆದರು. ಸಿರಿಲ್ ಹೇಳಿದ ಸಾಫ್ಟ್‌ವೇರಿನಲ್ಲಿ ಸ್ವರಗಳು ಬಂದವು. ಸಾಹಿತ್ಯ ಮಾತ್ರ ಒಂದೊಂದು ಸ್ವರ ಪಕ್ಕಕ್ಕೆ ಸರಿದಿತ್ತು. ಆರ್ಡಿತ್ ಒಂದೊಂದೇ ಅಕ್ಷರ ಎಳೆದು ಕೂರಿಸಿದಳು. ಕತ್ತು ಹಿಡಿದುಕೊಂಡಿತು. ಚಹಾ ಆರಿಹೋಯಿತು. ಸಾಕಾಗಿ, ಆ ಸಾಫ್ಟ್‌ವೇರಿನವರು ಮಾತಾಡಿಕೊಳ್ಳುವ ಜಾಲತಾಣದಲ್ಲಿ ಸಿಟ್ಟಿನಿಂದ ನಾಲ್ಕು ಸಾಲು ಬರೆದಳು. ಚಿಲಿ ದೇಶದ ಯಾರೋ ಒಬ್ಬ ಕ್ಷಮೆ ಕೇಳಿ, ಕೆಲವೇ ದಿನಗಳಲ್ಲಿ ದೋಷ ಸರಿಪಡಿಸಿಬಿಟ್ಟ. ಗೊಣಗಲು ಈಗ ಆ ನೆಪವೂ ಉಳಿಯಲಿಲ್ಲ.

ಆಗಲೇ ಅವಳಿಗೆ ನಿಜವಾದ ಸುಸ್ತು ಎಲ್ಲಿಂದ ಬರುತ್ತಿದೆಯೆಂದು ತಿಳಿದದ್ದು. ಈಸ್ಟರ್ ಹಾಡಿನಲ್ಲಿ ಗಂಡಸರ ಮೇಲುದನಿಯಾದ ಟೆನರ್ ಸಾಲಿನ ಒಂದು ಎತ್ತರದ ಸ್ವರಕ್ಕೆ ಬಂದು ಅವಳ ಕೈ ನಿಂತಿತು. ಅದನ್ನು ಅವಳು ಬರೆದದ್ದು ಗಂಡ ಎಮರಿಗಾಗಿ. ಅಷ್ಟು ಮೇಲಕ್ಕೆ ಹೋಗುತ್ತಿದ್ದವನು ಅವನೊಬ್ಬನೇ. ಅವನನ್ನು ಮಣ್ಣು ಮಾಡಿ ಆರು ವರ್ಷವಾಗಿತ್ತು.

"ಸಿರಿಲ್, ಇದನ್ನ ಈಗ ಯಾರು ಹಾಡ್ತಾರೆ?"

"ಯಾರೂ ಇಲ್ಲ."

"ಆಲ್ಟೊ? ಹೆಂಗಸರ ತಗ್ಗಿನ ದನಿಗೆ?"

"ಪರ್ಲ್ ಇದಾಳೆ. ಕಿವಿ ಕೇಳಿಸಿದ ದಿನ ಹಾಡ್ತಾಳೆ."

ಅವಳಿಗೆ ನಗು ಬಂತು. ನಗು ಮುಗಿಯುವಷ್ಟರಲ್ಲಿ ಕಣ್ಣು ತುಂಬಿತ್ತು. ಸಿರಿಲ್ ಕಿಟಕಿಯಾಚೆ ನದಿಯ ಮಂಜುಗಡ್ಡೆಯತ್ತ ತಿರುಗಿದ. ಅವಳು ಕಣ್ಣೊರೆಸಿಕೊಂಡು ಟೆನರ್ ಸಾಲನ್ನು ಅಳಿಸಿದಳು, ಆಮೇಲೆ ಆಲ್ಟೊ. ಉಳಿದ ಒಂಬತ್ತು ಜನರ ಗಂಟಲಿಗೆ ಒಗ್ಗುವಂತೆ ಎರಡೇ ದನಿಗೆ ಹಾಡನ್ನು ಮತ್ತೆ ಕಟ್ಟತೊಡಗಿದಳು.

ಈಸ್ಟರ್ ಬೆಳಿಗ್ಗೆ ಹಾಡು ಚಿಕ್ಕದಾಗಿ, ತಪ್ಪಿಲ್ಲದೆ ಸಾಗಿತು. ಯಾರೂ ಏದುಸಿರು ಬಿಡಲಿಲ್ಲ. ಬಾಗಿಲಲ್ಲಿ ಪಾದ್ರಿ ಅವಳ ಕೈಕುಲುಕಿ, "ಈ ಸಲ ಹಾಡಿನ ಮಾತು ಸ್ಪಷ್ಟವಾಗಿ ಕೇಳಿಸ್ತು," ಎಂದರು.

"ಉಳಿದ ಹಾಡುಗಳನ್ನ ಯಾವಾಗ ಶುರು ಮಾಡೋಣ?" ಕಾರಿನ ಬಳಿ ಸಿರಿಲ್ ಕೇಳಿದ.

"ಎಲ್ಲಾ ಬೇಡ ಕಣೋ. ಹಾಡೋರಿರೋದು ಮಾತ್ರ ಸಾಕು," ಎಂದಳು ಆರ್ಡಿತ್. ಮನೆಗೆ ಹೋಗಿ ಬೂಟು ಕಳಚಿ, ಕೋಟಿನಲ್ಲೇ ಸೋಫಾದ ಮೇಲೆ ಮಲಗಿ ನಿದ್ದೆಹೋದಳು.