ಸೂರತ್ ಆದ ಮೇಲೆ ಉಧ್ನಾ

ತಾಪಿ ಸೇತುವೆಯ ಮೇಲೆ ರೈಲಿನ ಸದ್ದು ಬದಲಾಯಿತು, ಎದುರು ಸೀಟಿನ ಹೆಂಗಸು ತಿಂದುಳಿದ ಖಾಖ್ರಾದ ಪೊಟ್ಟಣ ಕಟ್ಟಿ ಚಪ್ಪಲಿ ಹುಡುಕುತ್ತಿದ್ದಾಳೆ, ಸೂರತ್ ಬಂತು, ವಿಂಧ್ಯಾ ಇಳಿಯಬೇಕು, ಲ್ಯಾಬಿನ ಕೆಲಸ ಮುಗಿಸಿ ಸಂಜೆಯೇ ವಡೋದರಾಕ್ಕೆ — ಹಾಗಂತ ಮಗಳಿಗೆ ಹೇಳಿ ಬಂದವಳು ಟಿಕೆಟ್ ಮಾತ್ರ ಮುಂದಿನ ಉಧ್ನಾದವರೆಗೆ ತೆಗೆಸಿದ್ದಾಳೆ, ಯಾರ ಕಣ್ಣಿಗೆ ಮಣ್ಣೆರಚಲು, ಉಧ್ನಾದಲ್ಲಿ ಗಂಡನಿದ್ದಾನೆ, ಅವನ ಉಡುಪಿ ಹೋಟೆಲಿದೆ, ನೌಕರಿ ಬಿಟ್ಟು ಬಾ ಎಂದ ಅವನು, ಹೋಟೆಲು ಮುಚ್ಚಿ ಬನ್ನಿ ಎಂದಳು ಅವಳು, ಮುಂದಿನ ವಾರ ಕೋರ್ಟಿನಲ್ಲಿ ವಿಚ್ಛೇದನಕ್ಕೆ ಇಬ್ಬರ ಕೊನೆಯ ಮಾತು, ಅದಕ್ಕೆ ಮೊದಲು ಒಮ್ಮೆ ಬಾ ಮಾರಾಯ್ತಿ, ಎದುರು ಕೂತು ಮಾತಾಡುವ, ನಾನು ಸ್ಟೇಷನ್ನಿನಲ್ಲಿ ನಿಂತಿರ್ತೇನೆ, ಫೋನಿನಲ್ಲಿ ಅವನು ಹೇಳಿದ್ದು ಇದೇ ಗಾಡಿ, ಬರುವುದಿಲ್ಲ ಎಂದಿದ್ದಳು, ಬರುವುದೇ ಇಲ್ಲ. ಬೇರೆ ಮಾಡುವುದೇ ಅವಳ ಉದ್ಯೋಗವಲ್ಲವೇ, ರಿಫೈನರಿಯ ಲ್ಯಾಬಿನಲ್ಲಿ ಕಚ್ಚಾ ಎಣ್ಣೆ ಕಾಯಿಸಿದರೆ ಪ್ರತಿಯೊಂದೂ ತನ್ನ ತನ್ನ ಬಿಸಿಗೆ ಎದ್ದು ಹೋಗುತ್ತದೆ, ಪೆಟ್ರೋಲು ಮೊದಲು, ಡೀಸೆಲು ಆಮೇಲೆ, ಜಗಳವಿಲ್ಲ ತಕರಾರಿಲ್ಲ, ಆದರೆ ನೀರು ಬೆರೆತ ಮದ್ಯಸಾರ? ಎಷ್ಟು ಕುದಿಸಿದರೂ ಕೊನೆಯ ಒಂದಿಷ್ಟು ನೀರು ಅದನ್ನು ಬಿಡುವುದಿಲ್ಲ, ಹಾಳಾದ್ದು, ಒಟ್ಟಿಗೇ ಆವಿಯಾಗುತ್ತವೆ — ಮೊನ್ನೆ ಮಗಳು ಕೃಪಾಳ ಗಣಿತವೂ ಹಾಗೇ, ಎಕ್ಸ್ ಎಲ್ಲ ಈ ಕಡೆ, ವೈ ಎಲ್ಲ ಆ ಕಡೆ, ಆಮೇಲೆ ಇಂಟಿಗ್ರೇಟ್ ಮಾಡು, ಮಮ್ಮೀ, ತೂ ಸಿ ಭೂಲೀ ಗಯೀ, ಕೊನೆಗೆ ಸಿ ಬರೆಯಲು ಮರೆತದ್ದಕ್ಕೆ ಮಗಳು ಗುಜರಾತಿಯಲ್ಲೇ ಬೈದಳು, ಬೇರೆ ಮಾಡಿದ ಮೇಲೂ ಆ ಸಿ, ಒಂದು ಸ್ಥಿರಾಂಕ, ಉಳಿಯುತ್ತದಲ್ಲ, ಬೆಲೆ ಗೊತ್ತಿರದಿದ್ದರೂ ಬರೆಯಲೇಬೇಕು. ಮಂಜಲ್‌ಪುರದ ಅವಳ ನೆರೆಯ ಕನ್ನಡದ ಹೆಂಗಸರಿಗಂತೂ ಇವಳನ್ನು ಯಾವ ಕಡೆ ಹಾಕಬೇಕೆಂದೇ ತಿಳಿಯದು, ಅರಿಶಿನ ಕುಂಕುಮದ ತಟ್ಟೆ ಇವಳ ಮುಂದೆ ಬಂದು ಒಂದು ಗಳಿಗೆ ನಿಲ್ಲುತ್ತದೆ, ತಗೊಳ್ರೀ ವಿಂಧ್ಯಾ, ಇದ್ದಾರಲ್ಲ ನಿಮ್ಮವರು, ಇದ್ದಾರಲ್ಲ ಅಂತೆ, ಮೈ ಉರಿಯುತ್ತದೆ.

ಸೂರತ್ ಹಿಂದೆ ಬಿತ್ತು, ಅವಳು ಇಳಿಯಲಿಲ್ಲ, ಅವನನ್ನು ನೋಡಬೇಕು, ಇದರಲ್ಲಿ ಸುತ್ತಿ ಬಳಸುವುದೇನು, ಅವನು ಬಾಗಿಲು ದಾಟಿ ಹೋದ ಆ ದಿನ ಕಂಡ ಬೆನ್ನೊಂದೇ ಕಣ್ಣಲ್ಲಿ ಉಳಿದಿದೆ, ಮುಖ ನೋಡಬೇಕು, ಗಂಡನ ಹೆಸರು ಹಿಡಿದು ಕರೀಬಾರದವಾ ಎಂದಿದ್ದಳು ಅವ್ವ, ಕರೆದಿರಲೂ ಇಲ್ಲ, ಬರೀ ರೀ ಎಂದೇ ಇಷ್ಟು ವರ್ಷದ ಸಂಸಾರ, ವಕೀಲರೆದುರು ಮೊದಲ ಸಲ ಮಹೇಶ್ ಎಂದಾಗ ನಾಲಿಗೆ ಸುಟ್ಟ ಹಾಗಾಯಿತು, ಆಮೇಲೆ ರೂಢಿಯಾಯಿತು, ಹೆಸರು ಹೇಳಿದಷ್ಟೂ ಅವನು ಪರಕೀಯನಾದ — ಉಧ್ನಾ, ಗಂಟುಮೂಟೆ, ನೂಕುನುಗ್ಗಲು, ಇಳಿದೇಬಿಟ್ಟಳು, ಅಲ್ಲಿ, ಅವನೇ, ಆ ತುದಿಯ ಹೆಂಗಸರ ಡಬ್ಬಿಯನ್ನೇ ನೋಡುತ್ತ ನಿಂತಿದ್ದಾನೆ, ಪೆದ್ದ, ಡಬ್ಬಿ ಖಾಲಿಯಾಗುತ್ತ ಬಂತು, ಅವನ ಹೆಗಲು ಕುಸಿಯಿತು, ಹೊರಟ, ಮಹೇಶ್, ಎಂದಳು, ಯಾರೋ ಇಬ್ಬರು ಗುಜರಾತಿಗಳು ತಿರುಗಿ ನೋಡಿದರು, ಅವನಲ್ಲ, ಹೋಗುತ್ತಿದ್ದಾನೆ, ರೀ — ಅಷ್ಟು ಜನರಲ್ಲಿ ಯಾರೂ ತಿರುಗಲಿಲ್ಲ, ದೂರದಲ್ಲಿ ಒಂದು ಬೆನ್ನು ಮಾತ್ರ ನಿಂತಿತು, ಆ ಬೆನ್ನು,