ಜಟಾಯುವಿನ ಬಾಯಿಗೆ ನೀರು

ಸೀತೆಯ ವೇಷದಲ್ಲಿ ಲಾವಣ್ಯಾ ಪರದೆಯ ಸಂದಿಯಿಂದ ಇಣುಕಿದಾಗ ಮುಂದಿನ ಸಾಲಿನಲ್ಲಿ ಅಪ್ಪನ ಕುರ್ಚಿ ಖಾಲಿಯಾಗಿತ್ತು. ಕಾಫಿಗೆ ಹೋಗಿರಬೇಕು ಎಂದುಕೊಂಡಳು, ಮನಸ್ಸು ಒಪ್ಪಲಿಲ್ಲ. ನಾಟಕದ ಹೊತ್ತಿಗೆ ಕಾಫಿಗೆ ಎದ್ದುಹೋಗುವ ಪೈಕಿಯೇ ಅಲ್ಲ ಅಪ್ಪ ಮುನಿರಾಜ್.

ಚಾಮರಾಜಪೇಟೆಯ ಆ ಸಭಾಂಗಣದ ರಂಗದ ಮೇಲಿದ್ದ ಜಟಾಯು ಅವಳ ತಾತ ಬಚ್ಚಪ್ಪನ ಕೈಕೆಲಸ. ಬೆಳಗ್ಗೆ ಸೊಪ್ಪು ಮಾರಿ ಸಂಜೆ ನಾಟಕದ ಕಂಪನಿ ನಡೆಸುತ್ತಿದ್ದ ತಾತ, ಸೊಪ್ಪು ಹೊರುವ ಮಂಕರಿಯ ಬಿದಿರಿಗೆ ಸೈಕಲ್ ಚೈನು ಕೂಡಿಸಿ ಆಳೆತ್ತರದ ಹದ್ದು ಕಟ್ಟಿದ್ದರು. ಒಳಗೆ ಒಬ್ಬ ಕೂತು ಹಿಡಿ ತಿರುಗಿಸಿದರೆ ರೆಕ್ಕೆ ಬಡಿಯುತ್ತಿತ್ತು, ಕೊಕ್ಕು ತೆರೆಯುತ್ತಿತ್ತು. ರಾವಣ ರೆಕ್ಕೆ ಕಡಿದ ಮೇಲೆ ರಾಮ ಬರುವವರೆಗೂ ಆ ಮನುಷ್ಯ ಒಳಗೇ ಬೇಯಬೇಕು. ಅದಕ್ಕೇ ತಾತ ಕೊಕ್ಕಿನಿಂದ ಒಳಗಿನವನ ಬಾಯಿಗೆ ರಬ್ಬರ್ ಕೊಳವೆ ಇಟ್ಟಿದ್ದರು. ರಾಮ ಹಕ್ಕಿಗೆ ಕುಡಿಸುವ ನೀರು ನಿಜವಾದ ನೀರೇ. ಪ್ರಾಯವೆಲ್ಲ ಆ ನೀರು ಕುಡಿದವರು ಅಪ್ಪ.

ಹೋದ ವರ್ಷ ಅಪ್ಪನ ಎದೆಗೆ ಸ್ಟೆಂಟ್ ಬಿತ್ತು. ಇನ್ನು ಆ ಹಕ್ಕಿಯ ಸಹವಾಸವೇ ಬೇಡವೆಂದು ಲಾವಣ್ಯಾ ಒಳಗೆ ಮೋಟರು ಹಾಕಿಸಿದಳು. ನೀರು ತಾಗಿ ಶಾಕ್ ಹೊಡೆದೀತೆಂದು ರಾಮನ ಚೊಂಬನ್ನೂ ಖಾಲಿ ಮಾಡಿಸಿದಳು. ನಿನ್ನೆಯ ತಾಲೀಮು ನೋಡಿ ಅಪ್ಪ ಮುಖ ಸಿಂಡರಿಸಿದ್ದರು.

"ಫ್ಯಾನ್ ತಿರುಗ್ದಂಗೆ ತಿರುಗ್ತಿದೆ ಕಣಮ್ಮ. ಸಾಯೋ ಹಕ್ಕಿ ಹಂಗೆ ಬಡ್ಕೊಳ್ಳುತ್ತಾ?"

"ನೀನು ಸುಮ್ನೆ ಮುಂದ್ಗಡೆ ಕೂತ್ಕೊಂಡು ನೋಡಪ್ಪ."

ನೋಡಬೇಕಾದವರು ಎಲ್ಲಿ ಹೋದರೋ! ರಾವಣ ಅವಳನ್ನು ಎಳೆದು ತಂದ, ಕತ್ತಿ ಬೀಸಿದ. ಹಕ್ಕಿಯ ಒಂದು ರೆಕ್ಕೆ ಜೋತುಬಿತ್ತು. ಇನ್ನೊಂದು ಬಡಿಯಿತು, ನಿಂತಿತು, ನಡುಗಿತು, ಮತ್ತೆ ಬಡಿಯಿತು. ಮೋಟರಿನ ಗುಂಯ್ ಸದ್ದೇ ಇಲ್ಲ. ಲಾವಣ್ಯಾ ಸೀತೆಯ ಮಾತು ಮರೆತು "ಅಪ್ಪಾ!" ಎಂದು ಚೀರಿಬಿಟ್ಟಳು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ರಂಗದಿಂದ ಪರದೆಯ ಹಿಂದಕ್ಕೆ ಓಡಿಬಂದು ನೋಡಿದರೆ ಮೋಟರಿನ ಪ್ಲಗ್ಗು ಕಿತ್ತು ಬಿದ್ದಿತ್ತು, ಪಕ್ಕದಲ್ಲಿ ಅಪ್ಪನ ಚಪ್ಪಲಿ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಸುಮ್ಮನೆ ಹೇಳುತ್ತಾರೆಯೇ?

"ಹೊರಗ್ ಬಾ ಅಪ್ಪ! ಪರದೆ ಹಾಕಿಸ್ತೀನಿ" ಎಂದು ಪರದೆಯ ಹಿಂದಿನಿಂದ ಪಿಸುಗುಟ್ಟಿದಳು. ಹಕ್ಕಿಯ ಕತ್ತು ಅತ್ತಿಂದಿತ್ತ ಅಲುಗಿತು, ಬೇಡವೆಂದು.

ಪರದೆ ಹಾಕಿಸಿದರೆ ಅಪ್ಪ ಜನ್ಮದಲ್ಲಿ ಅವಳ ಮುಖ ನೋಡರು. ಹಾಕಿಸದಿದ್ದರೆ ಆ ಎದೆ ತಡೆದೀತೆ? ನಿಂತಲ್ಲಿ ನಿಲ್ಲಲಾಗದೆ ಅತ್ತಿತ್ತ ಅಲೆದಳು, ಹಗ್ಗಕ್ಕೆ ಕೈ ಹಾಕಿದಳು, ಬಿಟ್ಟಳು. ಕೊನೆಗೆ ರಾಮನ ವೇಷದ ವೇಣು ಸಿಕ್ಕಿದ. ಅವನ ಚೊಂಬು ಕಿತ್ತುಕೊಂಡು ಬಾಟಲಿಯ ನೀರು ಸುರಿದಳು.

"ಏಯ್, ಶಾಕ್ ಹೊಡೆಯುತ್ತೆ ಕಣೇ!"

"ಮೋಟರು ಆಫ್ ಆಗಿದೆ. ಒಳಗಿರೋದು ನಮ್ಮಪ್ಪ! ನಿನ್ ಗೋಳಾಟ ಎಲ್ಲ ಆಮೇಲೆ, ಮೊದ್ಲು ನೀರು ಹಾಕು."

ರಾಮ ರಂಗಕ್ಕೆ ಓಡಿದ. ಹಕ್ಕಿಯ ತಲೆ ತೊಡೆಯ ಮೇಲಿಟ್ಟುಕೊಂಡು ಚೊಂಬು ಬಗ್ಗಿಸಿದ. ಕೊಕ್ಕು ಮುಚ್ಚಿತು. ಕತ್ತು ವಾಲಿತು, ರೆಕ್ಕೆ ನೆಲಕ್ಕೆ ಒರಗಿತು. 

ಹಕ್ಕಿ ಸಾಯಲೇಬೇಕು, ಕಥೆಯೇ ಹಾಗಿದೆ. ಆದರೆ ಅಪ್ಪ? ಲಾವಣ್ಯಾ ಕಂಬ ಹಿಡಿದುಕೊಂಡು, ಕಂಡ ದೇವರಿಗೆಲ್ಲ ಹರಕೆ ಹೊತ್ತಳು.

ಆಗ, ಸತ್ತ ಹಕ್ಕಿ ಮೆಲ್ಲಗೆ ಕೊಕ್ಕು ತೆರೆದು ಇನ್ನೊಂದು ಗುಟುಕು ಕೇಳಿತು.